ಮೂರು ಗಂಟಿನ ಖಾತ್ರಿ

ದೇಶದ ಪರಿಸರ ಸ್ಥಿತಿಗತಿ ವರದಿಗೆ ಕಪ್ಪು ರಟ್ಟು ಹಾಕಿಸಿ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಹೊಡೆಸಬೇಕೆಂದು ಹಟ ಹಿಡಿದವನು ಫಲನಿಕೊ. ನಮ್ಮ ಸಮೋವಾದಲ್ಲಿ ಕಪ್ಪು ರಟ್ಟಿನ ದಪ್ಪ ಪುಸ್ತಕ ಅಂದರೆ ಒಂದೇ, ಬೈಬಲ್ಲು. ಅದನ್ನು ಯಾರೂ ನೆಲಕ್ಕೆ ಹಾಕುವುದಿಲ್ಲ, ಅದರ ಮೇಲೆ ಯಾರೂ ಕೋಕೋ ಲೋಟ ಇಡುವುದಿಲ್ಲ. ಆ ಮರ್ಯಾದೆಯಲ್ಲಿ ಒಂದು ಪಾಲು ತನ್ನ ವರದಿಗೂ ಸಿಗಲಿ ಎಂಬುದು ಅವನ ಆಸೆ. ನಾನೂರ ಹನ್ನೆರಡು ಪುಟ, ಆರುನೂರು ಪ್ರತಿ. ರಾಜಧಾನಿ ಅಪಿಯಾದ ಕಚೇರಿಯಲ್ಲಿ ಕೂತು ಅದನ್ನು ಸಂಪಾದಿಸಿದವನು ಅವನೇ. ಸಿಹಿನೀರಿನ ಅಧ್ಯಾಯವನ್ನಂತೂ ಮೊದಲಿಂದ ಕೊನೆಯವರೆಗೆ ಬರೆದವನೂ ಅವನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಮಾತು ಅವನಿಗೆ ಬೇರೆಯವರ ಹೆಗ್ಗಣ ಕಂಡಾಗ ಮಾತ್ರ ನೆನಪಾಗುತ್ತಿತ್ತು.

ವರದಿ ಹೊರಬಂದು ಎರಡು ವರ್ಷವಾದ ಮೇಲೆ, ಅಚ್ಚಿಗೆ ಹಣ ಕೊಟ್ಟಿದ್ದ ಹೊರದೇಶದವರಿಂದ ಒಂದು ಕಾಗದ ಬಂತು. ಬಹಳ ವಿನಯದ ಕಾಗದ. ಈ ವರದಿಯನ್ನು ಓದುವವರು ಯಾರು, ಓದಿ ಏನು ಮಾಡುತ್ತಾರೆ, ಇದನ್ನು ನೋಡಿ ಯಾರಾದರೂ ಒಂದು ತೀರ್ಮಾನ ತೆಗೆದುಕೊಂಡದ್ದುಂಟೋ ಎಂದು ಕೇಳಿದ್ದರು. ಒಂದಾದರೂ ಉದಾಹರಣೆ ಬೇಕು, ಇಲ್ಲದಿದ್ದರೆ ಮುಂದಿನ ವರದಿಗೆ ಹಣವಿಲ್ಲ. ಮೇಲಧಿಕಾರಿ ಆ ಕಾಗದವನ್ನು ಫಲನಿಕೊನ ಮೇಜಿನ ಮೇಲಿಟ್ಟು, ತಿಂಗಳ ಕೊನೆಯೊಳಗೆ ಒಬ್ಬ ಓದುಗನನ್ನು ಹಿಡಿದು ತಾ ಎಂದರು. ತರದೇ ಹೋದರೆ ಬೀದಿನಾಯಿಗಳ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಿದೆ ಎಂಬುದನ್ನೂ ಹೋಗುವಾಗ ನೆನಪಿಸಿದರು.

ಫಲನಿಕೊ ಒಂದು ಫಾರಂ ಬರೆದ. ಮೂರೇ ಪ್ರಶ್ನೆ. ವರದಿಯನ್ನು ಹೇಗೆ ಬಳಸುತ್ತೀರಿ? ಅದರ ಆಧಾರದ ಮೇಲೆ ಯಾವ ತೀರ್ಮಾನ ಕೈಗೊಂಡಿರಿ? ವರದಿಯ ಮೇಲೆ ನಿಮಗೆ ಎಷ್ಟು ನಂಬಿಕೆ: ಕಡಿಮೆ, ಸಾಧಾರಣ, ಪೂರ್ತಿ? ಅದರ ಐವತ್ತು ಪ್ರತಿ ಮಾಡಿಸಿ ಚೀಲಕ್ಕೆ ತುಂಬಿ, ಇಸ್ತ್ರಿ ಮಾಡಿದ ಕಚೇರಿ ಲುಂಗಿ ಉಟ್ಟು ಹೊರಟ.

ಮೊದಲು ಹೋದದ್ದು ಒಂದು ಹೈಸ್ಕೂಲಿಗೆ. ಅಲ್ಲಿನ ಹೆಡ್‌ಮಾಸ್ಟರು ಅವನನ್ನು ಕಂಡು ಎರಡೂ ಕೈ ಹಿಡಿದು ಕುಲುಕಿದರು. ವರದಿ ಇಲ್ಲದೆ ತಮ್ಮ ಶಾಲೆಯಲ್ಲಿ ಒಂದು ಪಾಠವೂ ನಡೆಯುವುದಿಲ್ಲ ಎಂದರು. ಫಲನಿಕೊನ ಎದೆ ಉಬ್ಬಿತು. ಒಳಗೆ ಹೋಗಿ ನೋಡಿದರೆ ಪ್ರೊಜೆಕ್ಟರಿನ ಕೆಳಗೆ ವರದಿ ಇತ್ತು. ಗೋಡೆಯ ಮೇಲೆ ಚಿತ್ರ ನೆಟ್ಟಗೆ ಬೀಳಲು ಎರಡು ಇಂಚು ಎತ್ತರ ಬೇಕಿತ್ತಂತೆ, ಬೇರೆ ಯಾವ ಪುಸ್ತಕವೂ ಅಷ್ಟು ಸರಿಯಾಗಿ ಹೊಂದಲಿಲ್ಲವಂತೆ. ಒಬ್ಬ ಪಾದ್ರಿಯ ಮನೆಯಲ್ಲಿ ಭಾನುವಾರದ ಬಿಳಿ ಟೈ ಸುಕ್ಕಾಗದಂತೆ ಹವಳದ ಅಧ್ಯಾಯದೊಳಗೆ ಮಲಗಿತ್ತು. ಚಾಪೆ ಹೆಣೆಯುವ ಮುದುಕಿಯೊಬ್ಬಳು ಕೇದಗೆ ಎಲೆಯ ಪಟ್ಟಿಗಳು ಗಾಳಿಗೆ ಹಾರದಂತೆ ವರದಿಯನ್ನು ಭಾರಕ್ಕಿಟ್ಟಿದ್ದಳು. ಕಲ್ಲಿಗಿಂತ ಇದು ವಾಸಿ, ಅಂಚು ಚೂಪಿಲ್ಲ ಎಂದು ಹೊಗಳಿದಳು. ಒಂದು ಗ್ರಂಥಾಲಯದಲ್ಲಿ ಮಾತ್ರ ವರದಿಯನ್ನು ಎರವಲು ಪಡೆದವರ ಪಟ್ಟಿಯಲ್ಲಿ ಒಂದು ಹೆಸರಿತ್ತು. ಅವನು ಆತುರದಿಂದ ಕನ್ನಡಕ ಹಾಕಿಕೊಂಡು ನೋಡಿದ. ಅವನದೇ ಹೆಸರು. ಮುದ್ರಣದ ಮರುವಾರ, ಪುಸ್ತಕ ಕಪಾಟಿನಲ್ಲಿ ಹೇಗೆ ಕಾಣುತ್ತದೆಂದು ನೋಡಲು ಬಂದವನು ನಾಚಿಕೆ ಮುಚ್ಚಿಕೊಳ್ಳಲು ಮನೆಗೆ ಒಯ್ದಿದ್ದ.

ರಾಜಧಾನಿಯಲ್ಲಿ ಓದುಗರು ಸಿಗಲಿಲ್ಲವೆಂದು ಹಡಗು ಹತ್ತಿ ಸವಾಯಿ ದ್ವೀಪಕ್ಕೆ ದಾಟಿದ. ಅಲ್ಲಿ ಒಂದು ಹಳ್ಳಿ ಆಸ್ಪತ್ರೆಯ ನರ್ಸಮ್ಮ ಕೂಸುಗಳನ್ನು ತೂಗುವ ತಕ್ಕಡಿ ಸರಿಯಿದೆಯೋ ಇಲ್ಲವೋ ಎಂದು ಪ್ರತಿ ಸೋಮವಾರ ವರದಿಯನ್ನಿಟ್ಟು ಪರೀಕ್ಷೆ ಮಾಡುತ್ತಿದ್ದಳು. ಎರಡು ಕಿಲೋ ನೂರು ಗ್ರಾಂ, ಒಂದು ಗ್ರಾಂ ಆಚೀಚೆ ಇಲ್ಲ ಎಂದಳು. ಇಡೀ ವರದಿಯಲ್ಲಿ ಯಾರೂ ಪ್ರಶ್ನೆ ಮಾಡದ ಅಂಕಿ ಅಂತ ಒಂದಾದರೂ ಸಿಕ್ಕಿತಲ್ಲ ಎಂದು ಫಲನಿಕೊ ಅದನ್ನೂ ಫಾರಂನಲ್ಲಿ ಬರೆದುಕೊಂಡ. ಅವನ ಮೋರೆ ನೋಡಿ ನರ್ಸಮ್ಮನಿಗೆ ಪಾಪ ಅನಿಸಿರಬೇಕು.

"ವೈಮೂಲಿ ಹೆಂಗಸರ ಸಮಿತಿ ಹತ್ರ ಹೋಗಿ," ಎಂದಳು. "ಅವ್ರು ಆ ಪುಸ್ತಕ ಬಿಟ್ಟು ಒಂದ್ ಹೆಜ್ಜೆ ಇಡಲ್ಲ. ತಿಂಗಳಿಗೊಂದ್ ಸಲ ಅದನ್ನ ಮುಂದೆ ಹಿಡ್ಕೊಂಡೇ ಊರು ಸುತ್ತುತಾರೆ. ನಿಮ್ಗೆ ಗೊತ್ತಿಲ್ವಾ? ನೀವು ಅದೇ ಊರೋರು ಅಂತ ಕೇಳಿದ್ದೆ."

ಅದೇ ಊರು. ಅಮ್ಮ ಇರುವ ಊರು, ಅಣ್ಣ ಮಲಾಕಿ ಇರುವ ಊರು, ಅವನು ಕ್ರಿಸ್‌ಮಸ್ಸಿಗೆ ಮತ್ತು ಸಾವಿಗೆ ಮಾತ್ರ ಹೋಗುವ ಊರು. ಮುಂದಿನ ತಿಂಗಳು ಅಜ್ಜನ ಮುಖ್ಯಸ್ಥ ಪದವಿಯನ್ನು ಅವನಿಗೆ ಕಟ್ಟುವುದೂ ಅಲ್ಲಿಯೇ. ಅದರ ಊಟಕ್ಕೆಂದು ಅವನ ಸಂಬಳದಲ್ಲಿ ಮೂರು ವರ್ಷದಿಂದ ಅಲ್ಲಿ ಹಂದಿಗಳು ಕೊಬ್ಬುತ್ತಿದ್ದವು. ಹನ್ನೊಂದು ಹಂದಿ. ಪದವಿ ಹಿಡಿಯುವವನು ಹತ್ತಕ್ಕೆ ಕಡಿಮೆ ಕೊಯ್ದರೆ ಊರು ಮೊಮ್ಮಕ್ಕಳ ಕಾಲದವರೆಗೂ ನಗುತ್ತದೆ ಎಂದು ಒಂದು ಹೆಚ್ಚಿಗೆ ಸಾಕಿಸಿದ್ದ.

ತನ್ನ ವರದಿಯ ಪ್ರತಿಯೊಂದನ್ನು 'ಪ್ರೀತಿಯ ಅಮ್ಮನಿಗೆ' ಎಂದು ಬರೆದು ಅವನು ಊರಿಗೆ ಕಳಿಸಿದ್ದು ನಿಜ. ಅಮ್ಮ ಅದನ್ನು ಸಮಿತಿಗೆ ಕೊಟ್ಟಿರಬೇಕು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ, ನನ್ನ ವಿಷಯದಲ್ಲಿ ದೀಪದ ಬುಡದಲ್ಲೇ ಬೆಳಕಿತ್ತಲ್ಲ ಎಂದುಕೊಂಡು ಅವನು ಅಂಗಡಿಯಲ್ಲಿ ಒಂದು ದೊಡ್ಡ ಬಿಸ್ಕತ್ತಿನ ಡಬ್ಬ ಕೊಂಡು ಬಸ್ಸು ಹತ್ತಿದ. ಮರದ ಬೆಂಚಿನ ಬಸ್ಸು, ಜನ ಜಾಸ್ತಿ. ಜಾಗವಿಲ್ಲದಾಗಿನ ನಮ್ಮ ರೂಢಿಯಂತೆ ಒಬ್ಬ ದಪ್ಪನೆಯ ಮನುಷ್ಯ ಬಂದು ಅವನ ತೊಡೆಯ ಮೇಲೆ ಕೂತ. ಬೇರೆ ದಿನವಾಗಿದ್ದರೆ ಫಲನಿಕೊ ಒಳಗೇ ಗೊಣಗುತ್ತಿದ್ದ. ಅವತ್ತು ಆ ಮನುಷ್ಯನಿಗೆ ತನ್ನ ವರದಿಯ ವಿಷಯ ಮುಕ್ಕಾಲು ಗಂಟೆ ಹೇಳಿದ. ಆತ ಇಳಿಯಬೇಕಾದ ಊರಿಗಿಂತ ಒಂದು ಊರು ಮೊದಲೇ ಇಳಿದುಹೋದ.

ವೈಮೂಲಿಯಲ್ಲಿ ಅವನು ಬಸ್ಸಿಳಿಯುವ ಹೊತ್ತಿಗೆ ಸಮಿತಿ ಮನೆ ತಪಾಸಣೆಗೆ ಹೊರಟಿತ್ತು. ಇದು ನಮ್ಮಲ್ಲಿ ಅಜ್ಜಿಯರ ಕಾಲದಿಂದ ಇರುವ ಪದ್ಧತಿ. ಒಂದೇ ಬಣ್ಣದ ಉಡುಪು ತೊಟ್ಟ ಹೆಂಗಸರು ಮನೆಮನೆಗೆ ಹೋಗಿ ಚಾಪೆ ಎತ್ತಿ ನೋಡುತ್ತಾರೆ, ನೀರಿನ ಪಾತ್ರೆ ಬಗ್ಗಿಸಿ ನೋಡುತ್ತಾರೆ, ಕಕ್ಕಸಿನ ಬಾಗಿಲು ತೆಗೆದು ನೋಡುತ್ತಾರೆ. ನಮ್ಮ ಮನೆಗಳಿಗೆ ಗೋಡೆಯಿಲ್ಲವಾದ್ದರಿಂದ ಒಬ್ಬರ ಮನೆಯಲ್ಲಿ ಬೈಸಿಕೊಂಡದ್ದು ಹತ್ತು ಮನೆಗೆ ಕಾಣುತ್ತದೆ. ಆ ಮೆರವಣಿಗೆಯ ಮುಂದೆ ಒಬ್ಬಳು, ಬಿಳಿಬಟ್ಟೆಯಲ್ಲಿ ಸುತ್ತಿದ ಕಪ್ಪು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಫಲನಿಕೊ ದಾರಿಯಲ್ಲೇ ನಿಂತುಬಿಟ್ಟ. ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಅವನು ದೂಳಿನ ಮೇಲೆ ಹಾಕಿದ.

ಪ್ರತಿ ಮನೆಯ ಮುಂದಿನ ಕಂಬಕ್ಕೆ ಒಂದೊಂದು ಬಟ್ಟೆಯ ಪಟ್ಟಿ ಕಟ್ಟಿತ್ತು. ಕೆಲವು ಹಸಿರು, ಹೆಚ್ಚಿನವು ಹಳದಿ, ಒಂದೆರಡು ಕೆಂಪು. ಪಟ್ಟಿಗೆ ಚುಚ್ಚಿದ ತೆಂಗಿನ ಗರಿಯ ಕಡ್ಡಿ ಕೆಲವು ಕಡೆ ಮೇಲಕ್ಕೆ ತೋರಿಸುತ್ತಿತ್ತು, ಕೆಲವು ಕಡೆ ಕೆಳಕ್ಕೆ. ಪಟ್ಟಿಯ ತುದಿಯಲ್ಲಿ ಗಂಟುಗಳು: ಒಂದು, ಎರಡು, ಹೆಚ್ಚೆಂದರೆ ಮೂರು. ಯಾರೂ ಬಿಡಿಸಿ ಹೇಳುವ ಮೊದಲೇ ಅವನಿಗೆ ಗೊತ್ತಾಯಿತು. ಸ್ಥಿತಿ, ಗತಿ, ಖಾತ್ರಿ. ಅವನ ವರದಿಯ ಮೂರು ಕಲಂಗಳು. ಒಂದು ನದಿ ಈಗ ಹೇಗಿದೆ ಎಂಬುದಕ್ಕೆ ಬಣ್ಣ, ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದಕ್ಕೆ ಬಾಣ, ಇದನ್ನು ಎಷ್ಟು ಖಾತ್ರಿಯಾಗಿ ಹೇಳುತ್ತಿದ್ದೇವೆ ಎಂಬುದಕ್ಕೆ ಚುಕ್ಕೆಗಳು. ಆ ಮೂರನೆಯ ಕಲಂಗಾಗಿ ಅವನು ಕಚೇರಿಯಲ್ಲಿ ಎಷ್ಟು ಜಗಳವಾಡಿದ್ದ! ನಮಗೆ ಗೊತ್ತಿಲ್ಲ ಅಂತ ಅಚ್ಚು ಹಾಕಿಸುವ ಅಧಿಕಾರಿ ಎಲ್ಲಾದರೂ ಉಂಟೇನಯ್ಯ ಎಂದು ಎಲ್ಲರೂ ನಕ್ಕಿದ್ದರು.

ಸಮಿತಿಯ ಅಧ್ಯಕ್ಷೆ ಅಮ್ಮನ ತಂಗಿ ಫಿಲೆಮು. ಊರಿನ ಮುಖ್ಯಸ್ಥರೂ ಆಕೆ ಬರುವುದು ಕಂಡರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಆಕೆ ಅವನನ್ನು ಕಂಡು ಆಶ್ಚರ್ಯಪಡಲೂ ಇಲ್ಲ, ಅಪ್ಪಿಕೊಳ್ಳಲೂ ಇಲ್ಲ. ಬಿಸ್ಕತ್ತಿನ ಡಬ್ಬವನ್ನು ಇಸಿದುಕೊಂಡು ಹಿಂದಿನವಳ ಕೈಗೆ ಕೊಟ್ಟಳು.

ಗಂಟಿನ ವಿಷಯ ಅವನು ಕೇಳಿದ್ದಕ್ಕೆ ನಡೆಯುತ್ತಲೇ ವಿವರಿಸಿದಳು. ಮೊದಲೆಲ್ಲ ಒಂದು ಮನೆ ಕೊಳಕು ಅಂದರೆ ಜಗಳವೇ ಆಗುತ್ತಿತ್ತು. ನೀವು ಬಂದ ದಿನ ಕೂಸಿಗೆ ಜ್ವರ ಇತ್ತು, ಮಳೆ ಇತ್ತು, ನೆಂಟರಿದ್ದರು ಅಂತ ಎಲ್ಲರಿಗೂ ಒಂದು ನೆವ. ಈಗ ಒಂದು ಸಲ ನೋಡಿ ಹೇಳಿದರೆ ಒಂದೇ ಗಂಟು, ನಮಗೂ ಅಷ್ಟು ಖಾತ್ರಿ ಇಲ್ಲಮ್ಮ ಅಂತ ಅರ್ಥ. ಮೂರು ಸಲ ಬೇರೆಬೇರೆ ದಿನ ನೋಡಿದ ಮೇಲೆಯೇ ಮೂರು ಗಂಟು. ಮೂರು ಗಂಟು ಬಿದ್ದ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ.

"ನಿನ್ನ ಪುಸ್ತಕದಲ್ಲಿ ಬೇರೆ ಏನ್ ಇಲ್ದೇ ಹೋದ್ರೂ ಆ ಮೂರನೇ ಕಲಂ ಒಳ್ಳೇದು ನಿಕೊ," ಎಂದಳು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದು ನಮ್ಮೂರಲ್ಲಿ ಗಂಡಸ್ರಿಗೆ ಇನ್ನೂ ಬಂದಿಲ್ಲ."

ಫಲನಿಕೊ ನೆಲಕ್ಕಿಂತ ಒಂದು ಗೇಣು ಮೇಲೆ ನಡೆಯುತ್ತಿದ್ದ. ಫೋನು ತೆಗೆದು ಚಿತ್ರ ಹಿಡಿದ: ಪಟ್ಟಿಗಳದ್ದು, ಗಂಟುಗಳದ್ದು, ಪುಸ್ತಕ ಹೊತ್ತವಳದ್ದು. ಹೊರದೇಶದವರಿಗೆ ಕಳಿಸುವ ಕಾಗದದ ಮೊದಲ ಸಾಲು ಆಗಲೇ ಅವನ ತಲೆಯಲ್ಲಿ ಸಿದ್ಧವಾಗಿತ್ತು. ಆ ಬೀದಿನಾಯಿ ಕುರ್ಚಿಯಲ್ಲಿ ಬೇರೆ ಯಾರನ್ನು ಕೂರಿಸಬಹುದೆಂದು ಕೂಡ ಯೋಚಿಸಿದ. ಹೀಗಿದ್ದಾಗ ಮೆರವಣಿಗೆ ನಿಂತಿತು, ಅವನು ತಲೆಯೆತ್ತಿ ನೋಡಿದ. ಅವರು ಅವನ ಮನೆಯ ಮುಂದೆ ನಿಂತಿದ್ದರು.

ಕಂಬದಲ್ಲಿ ಕೆಂಪು ಪಟ್ಟಿ. ಕಡ್ಡಿ ನೇರವಾಗಿ ನೆಲದ ಕಡೆ. ಮೂರು ಗಂಟು.

ಒಳಗೆ ಅಮ್ಮ ಚಾಪೆ ಹೆಣೆಯುತ್ತಿದ್ದಳು. ಮಗ ಬಂದದ್ದು ಕಂಡಿತ್ತು. ಆದರೂ ತಲೆ ಎತ್ತದೆ ಬೆರಳು ಆಡಿಸುತ್ತಿದ್ದಳು. ಮನೆ ಚೊಕ್ಕಟವಾಗಿಯೇ ಇತ್ತು. ಚಾಪೆಗಳು ಮಡಿಸಿಟ್ಟಿದ್ದವು, ಪಾತ್ರೆಗಳು ಹೊಳೆಯುತ್ತಿದ್ದವು. ಇದರಲ್ಲೇನು ತಪ್ಪು ಹುಡುಕಿದಿರಿ ಎಂದು ಅವನು ನಗುತ್ತಲೇ ಕೇಳಿದ. ಚಿಕ್ಕಮ್ಮ ಮನೆಯ ಹಿಂದಿನ ದಿಬ್ಬದ ಕಡೆ ಗದ್ದ ಎತ್ತಿದಳು.

ದಿಬ್ಬದ ಮೇಲೆ ಕಲ್ಲಿನ ಬೇಲಿಯೊಳಗೆ ಹನ್ನೊಂದು ಹಂದಿಗಳು ಕೆಸರಿನಲ್ಲಿ ಸುಖವಾಗಿ ಮಲಗಿದ್ದವು. ಬೇಲಿಯ ಕೆಳಗಿಂದ ಕಪ್ಪು ನೀರು ಜಿನುಗಿ, ಕಲ್ಲುಗಳ ನಡುವೆ ಹರಿದು, ನೆಲದಿಂದ ನೀರು ಉಕ್ಕುವ ಊರಿನ ಊಟೆಯ ಬಾಯಿಗೇ ಬಂದು ಸೇರುತ್ತಿತ್ತು. ಆ ಊಟೆಯಿಂದಲೇ ಇಡೀ ವೈಮೂಲಿ ಕುಡಿಯುತ್ತಿತ್ತು, ಕೆಳಗಿನ ಕೊಳದಲ್ಲಿ ಮೀಯುತ್ತಿತ್ತು. ಫಲನಿಕೊ ಈಜು ಕಲಿತದ್ದು ಆ ಕೊಳದಲ್ಲಿ. ಈಗ ಅದರ ಮೇಲೆ ಹಸಿರು ಕೆನೆ ಕಟ್ಟಿತ್ತು, ಒಬ್ಬರೂ ಮೀಯುತ್ತಿರಲಿಲ್ಲ. ದಡದಲ್ಲಿ ಕೂತಿದ್ದ ಎರಡು ಮಕ್ಕಳ ಕಾಲ ತುಂಬ ಹುಣ್ಣು.

ಫಿಲೆಮು ಪುಸ್ತಕದ ಬಟ್ಟೆ ಬಿಚ್ಚಿಸಿದಳು. ನೂರ ನಲವತ್ತಮೂರನೆಯ ಪುಟದಲ್ಲಿ ಒಂದು ಗರಿ ಇಟ್ಟಿತ್ತು. ಆಕೆ ಗಟ್ಟಿಯಾಗಿ ಓದಿದಳು: ವೈಮೂಲಿ ಊಟೆ. ಸ್ಥಿತಿ, ಒಳ್ಳೆಯದು. ಗತಿ, ಬದಲಾವಣೆಯಿಲ್ಲ. ಖಾತ್ರಿ, ಪೂರ್ತಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಫಲನಿಕೊ ತನ್ನ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡ. ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ದೇಶದ ನಲವತ್ತೊಂದು ಊಟೆಗಳಲ್ಲಿ ನಾಲ್ಕಕ್ಕೆ ಹೋಗಿ ನೋಡಲು ಆಗಿರಲಿಲ್ಲ, ಅಚ್ಚಿನವನು ಅವಸರ ಮಾಡುತ್ತಿದ್ದ. ಮೂರಕ್ಕೆ ಅವನು ಪ್ರಾಮಾಣಿಕವಾಗಿ 'ಖಾತ್ರಿ ಕಡಿಮೆ' ಎಂದು ಬರೆದ. ನಾಲ್ಕನೆಯದು ತನ್ನ ಊರಿನದು. ಅದನ್ನು ನೋಡಬೇಕೇ, ಆ ನೀರು ಕುಡಿದೇ ಬೆಳೆದವನಲ್ಲವೇ ನಾನು ಎಂದು ನಕ್ಕು, ಮೂರು ಚುಕ್ಕೆ ಹಾಕಿದ್ದ. ಮೊದಲೆರಡು ಹಂದಿಗೆ ಅಣ್ಣನಿಗೆ ಹಣ ಕಳಿಸಿದ್ದೂ ಆ ಹೊತ್ತಿನಲ್ಲೇ.

"ಆ ವರ್ಷ ನೀರು ನೋಡಕ್ಕೆ ಯಾರ್ ಬಂದಿದ್ರು?" ಎಂದು ಫಿಲೆಮು ಕೇಳಿದಳು.

ಫಲನಿಕೊ ಲಭ್ಯ ಮಾಹಿತಿಯ ಆಧಾರ, ಹಿಂದಿನ ದಾಖಲೆಗಳು ಎಂದು ಕಚೇರಿಯ ಭಾಷೆಯಲ್ಲಿ ಏನೋ ಶುರುಮಾಡಿದ.

"ಲಭ್ಯ ಮಾಹಿತಿ ಯಾವ್ ಬಸ್ಸಲ್ಲಿ ಬಂತು ಮಗಾ? ನಮ್ಮೂರಿಗೆ ಬರೋದು ಎರಡೇ ಬಸ್ಸು. ಇಳಿಯೋರನ್ನೆಲ್ಲ ನಾವು ನೋಡ್ತಾ ಕೂತಿರ್ತೀವಿ."

ಸುತ್ತ ನಿಂತ ಇಪ್ಪತ್ತು ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಅವನು ನೆಲ ನೋಡಿದ.

"ಯಾರೂ ಬರ್ಲಿಲ್ಲ ಚಿಕ್ಕಮ್ಮ. ನಂಗೆ ಗೊತ್ತು ಅಂದ್ಕೊಂಡು ನಾನೇ ಬರ್ದೆ."

ಆಗ ಆಕೆ ಪುಸ್ತಕದ ಹಿಂದಿನ ರಟ್ಟಿನೊಳಗಿಂದ ಒಂದು ಕಾಗದ ತೆಗೆದಳು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನ ಮಾಡಿದ್ದು. ಕಳೆದ ವರ್ಷ ಸಮಿತಿಯವರು ಹಂದಿಗಳನ್ನು ತೆಗೆಸಲು ನೋಡಿದ್ದರು. ಮಲಾಕಿ ಕೇಳಲಿಲ್ಲ. ಸರಕಾರದ ಪುಸ್ತಕದಲ್ಲೇ ನೀರು ಒಳ್ಳೆಯದೆಂದಿದೆ, ಬರೆದವನು ನನ್ನ ತಮ್ಮ ಎಂದ. ಊರಿನ ಮುಖ್ಯಸ್ಥರೂ ಪುಟ ತೆಗೆದು ನೋಡಿ, ಮೂರು ಚುಕ್ಕೆ ಇದೆಯಲ್ಲ ಎಂದು ಕೈತೊಳೆದುಕೊಂಡರು. ಕೊನೆಗೆ ಹೆಂಗಸರು ಊಟೆಯ ಸುತ್ತ ಬೇಲಿ ಹಾಕಿಸಿ, ಮೇಲಿನಿಂದ ಪೈಪು ಎಳೆಸಿಕೊಡಿ ಎಂದು ರಾಜಧಾನಿಯ ಒಂದು ನಿಧಿಗೆ ಅರ್ಜಿ ಹಾಕಿದರು. ಬಂದ ಉತ್ತರ ಆ ಕಾಗದದಲ್ಲಿತ್ತು. ರಾಷ್ಟ್ರೀಯ ವರದಿಯ ನೂರ ನಲವತ್ತಮೂರನೆಯ ಪುಟದ ಪ್ರಕಾರ ನಿಮ್ಮ ಊಟೆ ಸುಸ್ಥಿತಿಯಲ್ಲಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.

"ತೀರ್ಮಾನ ಹುಡುಕ್ಕೊಂಡು ಊರೂರು ಅಲೀತಿದೀಯ ಅಂತ ನರ್ಸಮ್ಮ ಫೋನ್ ಮಾಡಿದ್ಲು," ಎಂದಳು ಫಿಲೆಮು. "ತಗೋ. ಇದೊಂದಿದೆ."

ಎರಡು ವರ್ಷದಿಂದ ಒಬ್ಬ ಓದುಗನಿಗಾಗಿ ಬಾಯಿಬಿಟ್ಟುಕೊಂಡಿದ್ದವನಿಗೆ ಒಂದೇ ಸಲಕ್ಕೆ ಎಷ್ಟು ಜನ ಓದುಗರು! ಅಣ್ಣ ಓದಿದ್ದ, ಮುಖ್ಯಸ್ಥರು ಓದಿದ್ದರು, ನಿಧಿಯವರು ಪುಟದ ಸಂಖ್ಯೆ ಸಮೇತ ಓದಿದ್ದರು. ನಾನೂರ ಹನ್ನೆರಡು ಪುಟಗಳಲ್ಲಿ ಅವನು ನೋಡದೆ ಬರೆದ ಒಂದು ಸಾಲನ್ನು ಹುಡುಕಿ ಓದಿದ್ದರು. ಹಾಸ್ಯವೆನಿಸಿ ನಗು ಬರಬೇಕಿತ್ತು, ಬಂದದ್ದು ನಾಚಿಕೆ.

ಅಷ್ಟರಲ್ಲಿ ಅಮ್ಮ ಮೊದಲ ಸಲ ಮಾತಾಡಿದಳು. ಮಾತು ಅವನಿಗೋ ಚಾಪೆಗೋ ತಿಳಿಯದ ಹಾಗೆ.

"ಎಲ್ಲಾರೂ ಆ ನೀರು ಬಿಟ್ಟಿದ್ರು. ನಾನ್ ಬಿಡ್ಲಿಲ್ಲ. ನನ್ನ ಮಗ ಬರ್ದಿದಾನೆ ಅಂತ ಕುಡ್ದೆ."

ಕಳೆದ ವರ್ಷ ಅಮ್ಮ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಫೋನಿನಲ್ಲಿ ಅಣ್ಣ, ವಯಸ್ಸಿನ ದೋಷ, ಬರುವುದೇನೂ ಬೇಡ ಎಂದಿದ್ದ. ಫಲನಿಕೊ ಅದನ್ನು ನಂಬಿ ಒಂದು ಹಣ್ಣಿನ ಬುಟ್ಟಿ ಕಳಿಸಿದ್ದ. ಅಮ್ಮನ ಬಾಯಿಂದ ಆ ಮಾತು ಬಂದಾಗ ಅವನು ಹೋಗಿ ಆಕೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಆಕೆ ಹೆಣೆಯುತ್ತಿದ್ದ ಚಾಪೆ ನುಣುಪಾದ, ರೇಷ್ಮೆಯಂಥ ಚಾಪೆ. ಅವನ ಪದವಿಯ ದಿನ ಕೊಡಲೆಂದು ಹೆಣೆಯುತ್ತಿದ್ದದ್ದು.

ಹೆಂಗಸರೆಲ್ಲ ಅಂಚಿನಲ್ಲಿ ಕೂತರು. ಬಿಸ್ಕತ್ತಿನ ಡಬ್ಬ ತೆರೆದರು, ಕೋಕೋ ಬಂತು. ಈಗ ಆ ಫಾರಂ ತೆಗಿ, ಬರೆಯೋಣ ಎಂದಳು ಫಿಲೆಮು. ಫಲನಿಕೊ ಪೆನ್ನು ತೆಗೆದ. ಮೊದಲ ಪ್ರಶ್ನೆಗೆ ಮನೆ ತಪಾಸಣೆಯ ವಿಷಯ ಬರೆದ. ಎರಡನೆಯ ಪ್ರಶ್ನೆಗೆ ಬಂದಾಗ ಅವನ ಕೈ ನಿಂತಿತು.

ಅವನ ತಲೆ ಅಷ್ಟು ನಾಚಿಕೆಯ ನಡುವೆಯೂ ಅಧಿಕಾರಿಯ ತಲೆಯಾಗಿಯೇ ಕೆಲಸ ಮಾಡುತ್ತಿತ್ತು. ವರದಿಯ ಮಾದರಿಯಲ್ಲಿ ಊರಿನ ಮನೆಗಳನ್ನು ಅಳೆಯಲು ಸಮಿತಿ ತೀರ್ಮಾನಿಸಿತು ಎಂದು ಬರೆದರೆ ಸಾಕು. ಅದು ಸುಳ್ಳಲ್ಲ. ಹೊರದೇಶದವರು ಕುಣಿದಾಡುತ್ತಾರೆ, ಮುಂದಿನ ವರದಿಗೆ ಹಣ ಬರುತ್ತದೆ, ತಪ್ಪಿದ ಸಾಲನ್ನು ಅದರಲ್ಲಿ ಸದ್ದಿಲ್ಲದೆ ತಿದ್ದಬಹುದು. ನಿಧಿಯ ಕಾಗದದ ಸುದ್ದಿ ಬರೆದರೆ ಮಾತ್ರ ಕಥೆ ಬೇರೆ. ವರದಿ ನೋಡಿ ಕೈಗೊಂಡ ಒಂದೇ ತೀರ್ಮಾನ ತಪ್ಪು, ವರದಿ ಬರೆದವನು ಸುಳ್ಳ, ಕೆಡಿಸಿದ್ದು ಅವನದೇ ಹಂದಿ. ಇಂಥ ಫಾರಂ ನೋಡಿ ಯಾರು ಹಣ ಕೊಡುತ್ತಾರೆ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಅಪಿಯಾದಲ್ಲೆಲ್ಲ ಆಡಿಕೊಳ್ಳುತ್ತಾರೆ.

ಯಾರೂ ಅವನನ್ನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಬಹುಶಃ ಜಾರಿಕೊಳ್ಳುತ್ತಿದ್ದ; ಜಾರಿಕೊಳ್ಳುವುದರಲ್ಲಿ ಅವನಿಗೆ ಇಪ್ಪತ್ತು ವರ್ಷದ ಅನುಭವವಿತ್ತು. ಅಮ್ಮ ಮಾತ್ರ ಹೆಣಿಗೆ ನಿಲ್ಲಿಸಿ ಅವನ ಪೆನ್ನನ್ನೇ ನೋಡುತ್ತಿದ್ದಳು. ಆಕೆಯ ಕಣ್ಣಲ್ಲಿ ಕೋಪವಿರಲಿಲ್ಲ. ಇವನು ಈಗ ಏನು ಬರೆದರೂ ಆಕೆ ಮತ್ತೆ ನಂಬುತ್ತಾಳೆ ಎಂದು ಅವನಿಗೆ ಗೊತ್ತಾಯಿತು, ಅದಕ್ಕೇ ಹೆದರಿಕೆಯಾಯಿತು.

ಅವನು ಎಲ್ಲವನ್ನೂ ಬರೆದ. ಜಾಗ ಸಾಲದೆ ಹಿಂದಿನ ಪುಟಕ್ಕೆ ಹೋದ. ನೋಡದೆ ಬರೆದದ್ದು, ಹಂದಿ ತನ್ನದು, ಅರ್ಜಿ ತಿರಸ್ಕಾರವಾದದ್ದು, ತಾಯಿ ಆಸ್ಪತ್ರೆ ಸೇರಿದ್ದು. ಆರುನೂರು ಪ್ರತಿಗಳಿಗೂ ತಿದ್ದುಪಡಿಯ ಚೀಟಿ ಅಂಟಿಸುವುದಾಗಿಯೂ, ನಿಧಿಯವರಿಗೆ ತಾನೇ ಹೋಗಿ ಹೇಳುವುದಾಗಿಯೂ ಬರೆದು ಸಹಿ ಹಾಕಿದ. ಫಿಲೆಮು ಅದನ್ನು ಎರಡು ಸಲ ಓದಿ, ಸರಿ ಎಂದು ತಲೆಯಾಡಿಸಿ, ಅಲ್ಲಿಯವರೆಗೆ ಹಂದಿಗಳು ಚೀಟಿ ಓದಿಕೊಂಡು ಸುಮ್ಮನಿರುತ್ತವೆಯೋ ಎಂದು ಕೇಳಿದಳು.

ಇಲ್ಲಿ ಮಲಾಕಿ ಬಾಯಿ ಹಾಕಿದ. ಇಷ್ಟು ಹೊತ್ತೂ ಕಂಬದ ಮರೆಯಲ್ಲಿ ಕೂತಿದ್ದ. ಇನ್ನು ಒಂದೇ ತಿಂಗಳು, ಪದವಿಯ ದಿನ ಹೇಗೂ ಎಲ್ಲವನ್ನೂ ಕೊಯ್ಯುತ್ತೇವಲ್ಲ ಎಂದ. ಸಮಿತಿಯ ದಂಡ ನಾಲ್ಕು ಹಂದಿ, ಮೂರು ಗಂಟಿಗೆ ಯಾವಾಗಲೂ ನಾಲ್ಕೇ ಎಂದಳು ಫಿಲೆಮು. ಉಳಿಯುವುದು ಏಳು, ಏಳು ಹಂದಿಯಲ್ಲಿ ಪದವಿ ಹಿಡಿದವನುಂಟೇ ಎಂದು ಮಲಾಕಿ ತಲೆ ಹಿಡಿದುಕೊಂಡ.

"ಪದವಿ ಕಾಯ್ಲಿ ಅಣ್ಣ," ಎಂದ ಫಲನಿಕೊ. "ಊಟೆ ಹೇಗಿದೆ ಅಂತಾನೇ ತಿಳೀದವನಿಗೆ ಊರಿನ ಪದವಿ ಯಾಕೆ."

ಹೇಳುವುದನ್ನು ಗಂಭೀರವಾಗಿಯೇ ಹೇಳಿದ, ಆದರೆ ಆಮೇಲೆ ನಡೆದದ್ದರಲ್ಲಿ ಗಾಂಭೀರ್ಯ ಉಳಿಯಲಿಲ್ಲ. ನಾಲ್ಕು ಹಂದಿಗಳನ್ನು ಸಮಿತಿಯವರು ಕಾಲು ಕಟ್ಟಿ ಲೀಲಾಜಾಲವಾಗಿ ಒಯ್ದರು. ಉಳಿದ ಏಳನ್ನು ರಸ್ತೆಯಾಚೆ, ಊಟೆಗೆ ಇಳಿಜಾರಿಲ್ಲದ ಕಡೆ ಸಾಗಿಸುವುದು ಅಣ್ಣತಮ್ಮಂದಿರ ಪಾಲಿಗೆ ಬಂತು. ಫಲನಿಕೊ ಹಂದಿಗಳ ವಿಷಯ ವರದಿಯಲ್ಲಿ ಆರು ಪುಟ ಬರೆದಿದ್ದ, ಆದರೆ ಒಂದನ್ನು ಹಿಡಿಯುವುದು ಹೇಗೆಂದು ಅದರಲ್ಲಿರಲಿಲ್ಲ. ಮೂರನೆಯದು ಅವನ ಕಾಲ ನಡುವೆ ನುಗ್ಗಿತು. ಇಸ್ತ್ರಿ ಮಾಡಿದ ಲುಂಗಿಯೊಂದಿಗೆ ಅವನು ಕೆಸರಿನಲ್ಲಿ ಕೂತ. ಅಮ್ಮ ಚಾಪೆ ಬಿಟ್ಟು ಎದ್ದು ಬಂದು ಮನೆಯ ಅಂಚಿನಲ್ಲಿ ನಿಂತು ನೋಡಿದಳು. ಮೊದಲು ನಕ್ಕವಳು ಅವಳೇ. ಆಮೇಲೆ ಊರೇ ನಕ್ಕಿತು. ಜೇಬಿನಲ್ಲಿದ್ದ ಫಾರಂನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು. ಬೇರೆ ಬರೆಯುವುದು ಬೇಡ, ಅದನ್ನೇ ಕಳಿಸುತ್ತೇನೆ ಎಂದು ಅವನು ಅದನ್ನು ಬಿಸಿಲಿಗೆ ಒಣಗಿಸಿದ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಕಾಯುತ್ತಾ ರಸ್ತೆಯ ಬದಿಯಲ್ಲಿ ಕೂತಿದ್ದಾಗ ಫಿಲೆಮು ಬಂದು ಪಕ್ಕದಲ್ಲಿ ಕೂತಳು. ಮನೆಯ ಕಂಬದ ಕೆಂಪು ಪಟ್ಟಿ ಹಾಗೇ ಇತ್ತು. ನೀರು ತಿಳಿಯಾಗುವವರೆಗೆ ಅದನ್ನು ಬಿಚ್ಚುವುದಿಲ್ಲವೆಂದು ಆಕೆ ಹಿಂದಿನ ದಿನವೇ ಹೇಳಿದ್ದಳು. ಫಲನಿಕೊ ಫಾರಂ ತೆಗೆದು ಮತ್ತೊಮ್ಮೆ ನೋಡಿದ. ಮೂರನೆಯ ಪ್ರಶ್ನೆ ಖಾಲಿಯಿತ್ತು.

"ಇದೊಂದು ಬಿಟ್ಟಿದೀರ ಚಿಕ್ಕಮ್ಮ. ಎಷ್ಟು ನಂಬಿಕೆ ಅಂತ ಹೇಳ್ಬೇಕು."

ಆಕೆ ಪೆನ್ನು ಮುಟ್ಟಲಿಲ್ಲ. ಸೊಂಟದ ಚೀಲದಿಂದ ಒಂದು ಹಳದಿ ಪಟ್ಟಿ ತೆಗೆದು ಅವನ ಚೀಲದ ಹಿಡಿಗೆ ಕಟ್ಟಿದಳು. ಒಂದು ಗರಿಕಡ್ಡಿಯನ್ನು ಮೇಲ್ಮುಖವಾಗಿ ಚುಚ್ಚಿದಳು. ಹಳದಿ, ಅದೂ ಮೇಲ್ಮುಖ! ಕಚೇರಿಯಲ್ಲಿ ಇಪ್ಪತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಮಾತು ಅವನ ಬಗ್ಗೆ ಯಾರೂ ಬರೆದಿರಲಿಲ್ಲ. ಆಮೇಲೆ ಆಕೆ ಪಟ್ಟಿಯ ತುದಿಯಲ್ಲಿ ಒಂದು ಗಂಟು ಹಾಕಿ, ಎಳೆದು ಬಿಗಿಮಾಡಿ, ಕೈಬಿಟ್ಟಳು. ಬಸ್ಸು ತಿರುವಿನಲ್ಲಿ ಕಾಣಿಸಿತು.

"ಒಂದೇ ಗಂಟಾ ಚಿಕ್ಕಮ್ಮ?"

"ಕ್ರಿಸ್‌ಮಸ್ಸಿಗೆ ಬರೋದು ಉಣ್ಣಕ್ಕೆ," ಎಂದಳು ಫಿಲೆಮು, ಏಳುತ್ತಾ. "ನೋಡಕ್ಕೆ ಅಂತ ನೀನ್ ಬಂದಿರೋದು ಒಂದೇ ಸಲ."